ಕಾಳಿನ ಹುಳಕ್ಕೆ ಮಾತ್ರೆ ಇಡುವ ಮುಂಚೆ ಇದನ್ನು ಓದಿ

ಅವರೆ, ತೊಗರಿ, ಹೆಸರುಕಾಳು ಮೂಟೆಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳುವವರು, ಅಂಥವರ ಮನೆಯಲ್ಲಿ ಬಾಡಿಗೆಗೆ ಇರುವವರು, ಇಬ್ಬರೂ ಓದಿ. ಅಂಗಡಿಯಲ್ಲಿ ಪೇಪರ್ ಸುತ್ತಿ ಕೊಡುವ ಬೂದು ಬಣ್ಣದ ಹುಳದ ಮಾತ್ರೆ ಇದೆಯಲ್ಲ, ಅದನ್ನು ಜನ ಮಲಗುವ ಮನೆಯೊಳಗೆ ಇಡಲೇಬೇಡಿ. ಡ್ರಮ್ಮಿನಲ್ಲೂ ಬೇಡ, ಸ್ಟೋರ್ ರೂಮಿನಲ್ಲೂ ಬೇಡ, ಮೆಟ್ಟಿಲ ಕೆಳಗೂ ಬೇಡ.

ನಾವಿರುವುದು ಚಿಂತಾಮಣಿಯಲ್ಲಿ, ಓನರ್ ಮನೆಗೆ ಅಂಟಿಕೊಂಡ ಪೋರ್ಷನ್ನಿನಲ್ಲಿ. ಅವರಿಗೆ ಹಳ್ಳಿಯಲ್ಲಿ ಹೊಲ ಇದೆ. ಸುಗ್ಗಿ ಮುಗಿದ ಮೇಲೆ ಒಣ ಅವರೆ, ತೊಗರಿ, ರಾಗಿ ಎಲ್ಲ ಬಂದು ನಮ್ಮ ಬೆಡ್‌ರೂಮ್ ಪಕ್ಕದ ಸಣ್ಣ ಕೋಣೆ ಸೇರುತ್ತವೆ. ನಡುವೆ ಒಂದೇ ಗೋಡೆ, ಮೇಲೊಂದು ವೆಂಟಿಲೇಟರ್. ಯುಗಾದಿ ಹತ್ತಿರ ಬಂದಾಗ ನಮ್ಮ ಕಿಟಕಿ ಸರಳುಗಳ ಮೇಲೆ ಕಂದು ಬಣ್ಣದ ಪುಟ್ಟ ಹುಳಗಳು ಓಡಾಡಲು ಶುರುವಾದವು. ಗುಡಿಸಿದಷ್ಟೂ ಬರುತ್ತಿದ್ದವು. ನಮ್ಮವರು ಮಂಚಕ್ಕೆ ಕುಟ್ಟೆ ಹಿಡಿದಿದೆ ಅಂದರು. ಕುಟ್ಟೆ ಹಿಡಿದರೆ ಮರದಲ್ಲಿ ಸಣ್ಣ ತೂತು, ನೆಲದ ಮೇಲೆ ನುಣುಪಾದ ಪುಡಿ ಕಾಣಬೇಕು. ಎರಡೂ ಇರಲಿಲ್ಲ.

ಅದು ಕಾಳಿನ ಹುಳ. ಎರಡು ಮೂರು ಹಿಡಿದು ಬಿಳಿ ಹಾಳೆ ಮೇಲೆ ಬಿಟ್ಟು ನೋಡಿದೆ. ಮೂರು ನಾಲ್ಕು ಮಿಲಿಮೀಟರ್ ಉದ್ದ, ಗುಂಡು ಮೈ, ಬೆನ್ನ ಮೇಲೆ ಕಪ್ಪು ಬಿಳಿ ಮಚ್ಚೆ. ರೆಕ್ಕೆ ಪೂರ್ತಿ ಮುಚ್ಚುವುದಿಲ್ಲ, ಹಿಂಭಾಗ ಹೊರಗೆ ಕಾಣುತ್ತದೆ. ಅಕ್ಕಿಯಲ್ಲಿ ಬರುವುದಕ್ಕೆ ಉದ್ದ ಮೂತಿ ಇರುತ್ತದೆ, ಇದಕ್ಕಿಲ್ಲ. ರವೆ, ಮೈದಾದಲ್ಲಿ ಬರುವುದು ಕೆಂಪಗೆ ಚಪ್ಪಟೆಯಾಗಿರುತ್ತದೆ, ಅದು ಬೇರೆ. ಅನುಮಾನ ಇದ್ದರೆ ಒಂದು ಹಿಡಿ ಅವರೆಕಾಳು ತೆಗೆದು ಬೆಳಕಿಗೆ ಹಿಡಿಯಿರಿ. ಸಿಪ್ಪೆ ಮೇಲೆ ಸುಣ್ಣದಲ್ಲಿ ಚುಕ್ಕಿ ಇಟ್ಟ ಹಾಗೆ ಬಿಳಿ ಮೊಟ್ಟೆ ಅಂಟಿರುತ್ತದೆ. ಉಜ್ಜಿದರೂ ಸುಲಭಕ್ಕೆ ಹೋಗುವುದಿಲ್ಲ. ಮರಿ ನೇರ ಕಾಳಿನೊಳಗೆ ಕೊರೆದು ಹೋಗಿ, ಅಲ್ಲೇ ತಿಂದು ಬೆಳೆದು, ದುಂಡಗಿನ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಸೆಕೆಗಾಲದಲ್ಲಿ ಇಷ್ಟೆಲ್ಲ ಆಗೋಕೆ ಸುಮಾರು ಒಂದು ತಿಂಗಳು ಸಾಕು. ಬಹಳ ಸಲ ಮೊಟ್ಟೆ ಹೊಲದಲ್ಲೇ, ಕಾಯಿ ಗಿಡದಲ್ಲಿ ಇರುವಾಗಲೇ ಬಿದ್ದಿರುತ್ತದೆ. ಹಾಗಾಗಿ ಮನೆ ಎಷ್ಟು ಚೊಕ್ಕವಾಗಿದ್ದರೂ ಬರಬಹುದು.

ಓನರ್ ಅಂಕಲ್‌ಗೆ ಹೇಳಿದೆ. ಮೂಟೆ ಬಿಚ್ಚಿ ನೋಡಿದರೆ ಅವರೆ ಅರ್ಧಕ್ಕರ್ಧ ತೂತು. "ನೀನು ತಲೆ ಕೆಡಿಸಿಕೋಬೇಡಮ್ಮ, ನಾನು ನೋಡ್ಕೋತೀನಿ" ಅಂದರು. ಪಾಪ, ಒಳ್ಳೆಯ ಮನುಷ್ಯ. ಪೇಟೆಯ ಒಂದು ಅಂಗಡಿಯಿಂದ ಮಾತ್ರೆ ತಂದು, ಬಟ್ಟೆಯಲ್ಲಿ ಕಟ್ಟಿ ಮೂಟೆಗಳ ನಡುವೆ ಇಟ್ಟು ಬಾಗಿಲು ಹಾಕಿದ್ದರು. ಅಂಗಡಿಯವನು ಹೆಸರು ಹೇಳಿಲ್ಲ, ಲೇಬಲ್ ಇಲ್ಲ, ಚೀಟಿ ಇಲ್ಲ. "ಎಲ್ಲರೂ ಇದನ್ನೇ ಇಡೋದು" ಅಂದನಂತೆ. ನಮಗೆ ಯಾರೂ ಒಂದು ಮಾತು ಹೇಳಲಿಲ್ಲ.

ಅವತ್ತು ಸಂಜೆ ಮಳೆ ಬಂತು. ಕಿಟಕಿ ಎಲ್ಲ ಹಾಕಿಕೊಂಡು ಮಲಗಿದೆವು. ರಾತ್ರಿ ಮಗಳು ಹೊಟ್ಟೆನೋವು ಅಂತ ಎದ್ದು ವಾಂತಿ ಮಾಡಿದಳು. ಹಬ್ಬದ ಒಬ್ಬಟ್ಟು ಉಳಿದಿತ್ತಲ್ಲ, ಅದೇ ಕೆಟ್ಟಿರಬೇಕು ಅಂತ ಅತ್ತೆ ಜೀರಿಗೆ ಕಷಾಯ ಕಾಯಿಸಿದರು. ಆಮೇಲೆ ಅತ್ತೆಗೂ ಕೆಮ್ಮು, ನನಗೆ ತಲೆ ಸಿಡಿತ, ಎದೆ ಬಿಗಿದ ಹಾಗೆ. ಒಬ್ಬಟ್ಟೇ ತಿನ್ನದ ನಮ್ಮವರಿಗೂ ವಾಕರಿಕೆ. ಆಗ ಅನುಮಾನ ಬಂತು. ಕೋಣೆಯಲ್ಲಿ ಹಸಿ ಬೆಳ್ಳುಳ್ಳಿ ಜಜ್ಜಿದ ವಾಸನೆ, ಅಡುಗೆಮನೆಯಲ್ಲಿ ಇಲ್ಲ. ಎಲ್ಲರೂ ಹೊರಗೆ ಬಂದು, ಅಂಕಲ್ ಮನೆಯವರನ್ನೂ ಎಬ್ಬಿಸಿ ಆಸ್ಪತ್ರೆಗೆ ಹೋದೆವು. ವಾಸನೆ ವಿಷಯ ಹೇಳಿದ ತಕ್ಷಣ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಮನೆಯಲ್ಲಿ ಧಾನ್ಯಕ್ಕೆ ಮಾತ್ರೆ ಇಟ್ಟಿದ್ದೀರಾ?" ಅಂಕಲ್ ಮುಖ ಬಿಳಿಚಿಕೊಂಡಿತು. ಮಗಳಿಗೆ ಇಸಿಜಿ ಮಾಡಿ, ಆಕ್ಸಿಜನ್ ಇಟ್ಟು, ಬೇರೆ ಆಸ್ಪತ್ರೆಗೆ ಕಳಿಸಿ ನಿಗಾದಲ್ಲಿ ಇಟ್ಟರು. ಈಗ ಆರಾಮಾಗಿದ್ದಾಳೆ. ಅವತ್ತು ಬೆಳಗಿನವರೆಗೂ ಅಲ್ಲೇ ಮಲಗಿದ್ದಿದ್ದರೆ ಅಂತ ಯೋಚಿಸೋಕೂ ಆಗುವುದಿಲ್ಲ.

ಆ ಮಾತ್ರೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫೀನ್ ಅನ್ನೋ ವಿಷದ ಗ್ಯಾಸ್ ಬಿಡುತ್ತದೆ. 3 ಗ್ರಾಂನ ಒಂದು ಮಾತ್ರೆಯಿಂದ ಸುಮಾರು 1 ಗ್ರಾಂ ಗ್ಯಾಸ್. ಬಾಗಿಲ ಸಂದಿ, ವೆಂಟಿಲೇಟರ್, ಗೋಡೆ ಬಿರುಕು, ಎಲ್ಲಿಂದ ಬೇಕಾದರೂ ಪಕ್ಕದ ಕೋಣೆಗೆ ನುಗ್ಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಮಕ್ಕಳಿಗೆ ಬೇಗ ಏರುತ್ತದೆ. ವಾಸನೆ ಬಂದಿಲ್ಲ ಅಂದರೆ ಗ್ಯಾಸ್ ಇಲ್ಲ ಅಂತಲೂ ಅಲ್ಲ, ಕೆಲವು ಸಲ ವಾಸನೆಯೇ ಇರುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿದರೆ, ಕೊರೋನಾ ಮಾಸ್ಕ್ ಹಾಕಿದರೆ ಏನೂ ತಡೆಯುವುದಿಲ್ಲ.

ಗೋದಾಮುಗಳಲ್ಲಿ ಇದನ್ನು ಬಳಸುತ್ತಾರೆ ನಿಜ. ಅಲ್ಲಿ ಗಾಳಿ ಆಡದ ಹಾಗೆ ಇಡೀ ರಾಶಿಗೆ ಟಾರ್ಪಾಲ್ ಮುಚ್ಚಿ, ದಿನಗಟ್ಟಲೆ ಬಿಟ್ಟು, ಆಮೇಲೆ ಗಾಳಿಗೆ ಬಿಚ್ಚುತ್ತಾರೆ. ಯಾರೂ ಅದರ ಪಕ್ಕ ಮಲಗುವುದಿಲ್ಲ. ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಇದನ್ನು ಬಳಸುವ ಕೆಲಸ ಸರ್ಕಾರಿ ಸಂಸ್ಥೆಗಳು, ಪರಿಣತರ ಉಸ್ತುವಾರಿಯಲ್ಲಿ ಪೆಸ್ಟ್ ಕಂಟ್ರೋಲ್‌ನವರು, ಇಷ್ಟೇ ಜನ ಮಾಡಬೇಕು. 3 ಗ್ರಾಂ ಮಾತ್ರೆಗಳ 10 ಮತ್ತು 20ರ ಟ್ಯೂಬ್ ಪ್ಯಾಕನ್ನು 2001ರಲ್ಲೇ ನಿಷೇಧಿಸಿದ್ದಾರೆ. ಆದರೂ ಪೇಪರಿನಲ್ಲಿ ಸುತ್ತಿ ಬಿಡಿಬಿಡಿಯಾಗಿ ಮಾರುತ್ತಾರೆ. ನನ್ನ ಸಿಟ್ಟೆಲ್ಲ ಆ ಅಂಗಡಿಯವನ ಮೇಲೆ. ಅಂಕಲ್‌ಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿರಬೇಕಿತ್ತು ಅಲ್ವಾ?

ಮಾತ್ರೆ ಬೇಡ ಅಂದರೆ ಕಾಳಿಗೇನು ಮಾಡೋದು ಅಂತ ಕೇಳ್ತೀರಿ. ನಮ್ಮ ಕಡೆಯ ಹಳೆಯ ಕ್ರಮಗಳು ಸುಮ್ನೆ ಬಂದಿದ್ದಲ್ಲ. ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟಿ ಒಣಗಿಸುತ್ತಾರೆ. ಕಾಳನ್ನು ರಾಗಿಯೊಳಗೆ ಹೂತಿಡುತ್ತಾರೆ. ರಾಗಿಗೆ ಹುಳ ಹಿಡಿಯೋದು ಕಡಿಮೆ, ಸಣ್ಣ ಕಾಳು ಸಂದಿಯೆಲ್ಲ ತುಂಬಿಕೊಂಡು ಹುಳಕ್ಕೆ ಓಡಾಡೋಕೆ ಜಾಗವೇ ಸಿಗುವುದಿಲ್ಲ. ಬೇಕಾದಾಗ ಜರಡಿ ಹಿಡಿದರೆ ಆಯ್ತು. ಕಡಿಮೆ ಇದ್ದರೆ ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ ಸವರಿಡಿ, ಮೊಟ್ಟೆ ಸಾಯುತ್ತದೆ. ಬೇವಿನ ಸೊಪ್ಪು ಒಣಗಿಸಿ ಹಾಕಿದರೆ ಒಳ್ಳೆಯದೇ, ಆದರೆ ಆಗಲೇ ಹುಳ ತುಂಬಿದ ಕಾಳಿಗೆ ಅದೊಂದೇ ಸಾಲದು. ತಿನ್ನೋ ಕಾಳಿನ ಮೇಲೆ ಜಿರಲೆ ಸ್ಪ್ರೇ ಹೊಡೆಯುವವರೂ ಇದ್ದಾರೆ. ಅವರಿಗೆ ನಮಸ್ಕಾರ.

ನನ್ನ ಪ್ರಕಾರ ಬಿಸಿಲಿಗಿಂತ ಒಳ್ಳೆ ಔಷಧಿ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಟೆರೇಸ್ ಮೇಲೆ ಕಪ್ಪು ಟಾರ್ಪಾಲ್ ಹಾಸಿ, ಕಾಳು ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಕಲ್ಲಿಡಿ. ಆ ಕಾವಿಗೆ ಒಳಗಿನ ಮರಿಯೂ ಸಾಯುತ್ತದೆ. ಪೂರ್ತಿ ಆರಿದ ಮೇಲೆ ತುಂಬಿ, ಬಿಸಿ ಬಿಸಿ ತುಂಬಿದರೆ ಬೆವರುತ್ತದೆ. ಕಾಳು ಕಚ್ಚಿದರೆ ಕಟ್ ಅನ್ನಬೇಕು. ಒಣಗಿದ ನೀರಿನ ಬಾಟಲಿಗೆ ಕತ್ತಿನವರೆಗೂ ತುಂಬಿ ಮುಚ್ಚಳ ಬಿಗಿದರೆ ಒಳಗೆ ಗಾಳಿ ಇಲ್ಲದೆ ಉಳಿದ ಹುಳವೂ ಬೆಳೆಯುವುದಿಲ್ಲ. ಒಂದೆರಡು ಕೆಜಿ ಆದರೆ ಒಂದು ವಾರ ಫ್ರೀಜರ್‌ನಲ್ಲಿಡಿ. ತೊಗರಿಯನ್ನು ಬೇಳೆ ಮಾಡಿಸಿಬಿಟ್ಟರೆ ಈ ಹುಳದ ಕಾಟ ತುಂಬಾ ಕಡಿಮೆ. ಮೂಟೆಗಟ್ಟಲೆ ಇದ್ದರೆ ಚಿಂತಾಮಣಿ ಹತ್ತಿರ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಕೋಲಾರದವರಿಗೆ ಟಮಕದಲ್ಲಿದೆ. ಹೋಬಳಿಯ ರೈತ ಸಂಪರ್ಕ ಕೇಂದ್ರವೂ ಇದೆ.

ಈಗಾಗಲೇ ಮಾತ್ರೆ ಇಟ್ಟಿದ್ದರೆ ಅದನ್ನು ಹುಡುಕೋಕೆ ಕೋಣೆಯೊಳಗೆ ಹೋಗಬೇಡಿ. ಮೊದಲು ಮನೆಯವರನ್ನೆಲ್ಲ, ಅಕ್ಕಪಕ್ಕದ ಗೋಡೆಯವರನ್ನೂ ಹೊರಗೆ ಕರೆದುಕೊಂಡು ಬನ್ನಿ. ಬರುವ ದಾರಿಯಲ್ಲಿ ಕೈಗೆ ಸಿಕ್ಕ ಬಾಗಿಲು ಕಿಟಕಿ ತೆಗೆದಿಡಿ. ಮಾತ್ರೆ ಮೇಲೆ ನೀರು ಸುರಿಯಬೇಡಿ, ಮೋರಿಗೆ ಹಾಕಬೇಡಿ. ನೀರು ಬಿದ್ದರೆ ಗ್ಯಾಸ್ ಒಮ್ಮೆಲೇ ಜಾಸ್ತಿ ಬರುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ತಲೆನೋವು, ವಾಂತಿ, ಎದೆ ಬಿಗಿತ ಇದ್ದರೆ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ "ಕಾಳಿನ ಮಾತ್ರೆ ಇಟ್ಟಿದ್ದರು" ಅಂತ ನೀವೇ ಮೊದಲು ಹೇಳಿ. ಕವರ್ ಕೈಯಲ್ಲಿದ್ದರೆ ಡಾಕ್ಟರ್‌ಗೆ ತೋರಿಸಿ.