ಕುರ್ಚಿ ಕೊಳ್ಳುವ ಮುಂಚೆ ಬೋರಲು ಹಾಕಿ ನೋಡಿ

ಅಮೆರಿಕದಲ್ಲಿದ್ದು ಹಳೆಯ ಪೀಠೋಪಕರಣ ಕೊಳ್ಳುವ ಆಸೆ ಇಟ್ಟುಕೊಂಡವರು ದಯವಿಟ್ಟು ಓದಿ. ಹೋದ ವರ್ಷ ನ್ಯೂಜೆರ್ಸಿಯ ಒಂದು ಆಂಟಿಕ್ ಅಂಗಡಿಯಲ್ಲಿ 3,800 ಡಾಲರ್ ಕೊಟ್ಟು ಮಹಾಗನಿ ಕುರ್ಚಿಯೊಂದನ್ನು ತಂದೆ. 1770ರ ಸುಮಾರಿನ ಫಿಲಡೆಲ್ಫಿಯಾ ಕೆಲಸ ಅಂದಿದ್ದರು. ಅಲ್ಲ.

ನಾನು ಮರುಳಾಗಿದ್ದು ಒಂದು ಚಿತ್ರಕ್ಕೆ. ಇಂಗ್ಲಿಷ್ ಬಡಗಿ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ 'ಡೈರೆಕ್ಟರ್' ಎಂಬ ಪೀಠೋಪಕರಣ ವಿನ್ಯಾಸಗಳ ಪುಸ್ತಕದ ಮರುಮುದ್ರಣವನ್ನು ಅಂಗಡಿಯವರು ಕುರ್ಚಿಯ ಬೆನ್ನಿನ ಪಕ್ಕ ಬಿಡಿಸಿ ಹಿಡಿದರು. ಬಳ್ಳಿಯ ಬಾಗು, ಕಮಾನು ಎಲ್ಲ ತಾಳೆಯಾಯಿತು. ಫಿಲಡೆಲ್ಫಿಯಾದ ಬಡಗಿಗಳು ಆ ಪುಸ್ತಕ ನೋಡಿ ಬೆನ್ನು ಕೆತ್ತಿದ್ದು ನಿಜವೇ. ಆದರೆ ನೋಡಿ ಕೆತ್ತುವ ಕೆಲಸ 1770ರಲ್ಲಿ ಸಾಧ್ಯವಾದರೆ 1890ರಲ್ಲೂ ಸಾಧ್ಯ ತಾನೆ? ಅದು ನನಗೆ ಆಗ ಹೊಳೆಯಲಿಲ್ಲ. 1876ರಲ್ಲಿ ಅದೇ ಊರಲ್ಲಿ ಸ್ವಾತಂತ್ರ್ಯದ ನೂರನೇ ವರ್ಷದ ಪ್ರದರ್ಶನ ನಡೆದ ಮೇಲೆ ವಸಾಹತು ಕಾಲದ ಮಾದರಿಗಳಿಗೆ ಬೇಡಿಕೆ ಹುಟ್ಟಿ, ನಕಲುಗಳು ಧಾರಾಳವಾಗಿ ತಯಾರಾದವು.

ಇನ್ನೊಂದು ಮಾತು. ಕುರ್ಚಿಯ ಕಾಲು ಚೆಂಡು ಹಿಡಿದ ಉಗುರುಳ್ಳ ಪಂಜದ ಆಕಾರದ್ದು. ಆ ಕಾಲು ಚಿಪ್ಪೆಂಡೇಲರ ಪುಸ್ತಕದಲ್ಲೇ ಇಲ್ಲ! ಲಂಡನ್ನಿನಲ್ಲಿ ಹಳತಾಗಿದ್ದ ಆ ಇಂಗ್ಲಿಷ್ ಮಾದರಿಯನ್ನು ಫಿಲಡೆಲ್ಫಿಯಾದವರು ಪ್ರೀತಿಯಿಂದ ಉಳಿಸಿಕೊಂಡಿದ್ದರು. 'ಎಲ್ಲವೂ ಪುಸ್ತಕದಲ್ಲಿದ್ದಂತೆ' ಎಂಬ ಅಂಗಡಿಯವರ ಮಾತಿಗೆ ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಪಾಲಿಶ್ ಮಾಡಲು ಬಂದ ಹಿರಿಯರು ಕುರ್ಚಿಯನ್ನು ಬೋರಲು ಹಾಕಿ, ಕೂರುವ ಚೌಕಟ್ಟಿನ ಒಳಮೈಗೆ ಟಾರ್ಚನ್ನು ಓರೆಯಾಗಿ ಹಿಡಿದರು. ಮರದ ಮೇಲೆ ಬಿಲ್ಲಿನಂತೆ ಬಾಗಿದ ಗೀರುಗಳು, ಒಂದರ ಪಕ್ಕ ಒಂದು, ಸಮ ಅಂತರದಲ್ಲಿ. ದುಂಡು ಗರಗಸದ ಗುರುತು ಅದು. ಅಂಥ ಗರಗಸ ಇಲ್ಲಿ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ಕೈ ಗರಗಸವಾಗಿದ್ದರೆ ಗೀರು ನೇರ ಇರುತ್ತಿತ್ತು. ಮರ ಹೆರೆಯುವ ತೋಪಡಾ ಹೊಡೆದಿದ್ದರೆ ಬೆರಳಿಗೆ ಸಣ್ಣ ಏರಿಳಿತ ಸಿಗುತ್ತಿತ್ತು. ಸ್ಕ್ರೂ ಬಿಚ್ಚಿದರೆ ಮೊನೆ ಚೂಪು. 1840ರ ದಶಕಕ್ಕೆ ಮುಂಚಿನ ಸ್ಕ್ರೂಗಳ ತುದಿ ಮೊಂಡು. "ಸ್ಕ್ರೂ ರಿಪೇರಿಯಲ್ಲಿ ಬಂದಿರಬಹುದು, ಗರಗಸದ ಗೀರು ಹಾಗೆ ಬರೋದಿಲ್ಲ" ಅಂದರು. ಫಿಲಡೆಲ್ಫಿಯಾ ಕುರ್ಚಿಗಳಲ್ಲಿ ಸಾಮಾನ್ಯವಾಗಿ ಪಕ್ಕದ ಪಟ್ಟಿಯ ತುದಿ ಹಿಂಗಾಲನ್ನು ತೂರಿ ಹಿಂದೆ ಕಾಣುತ್ತದೆ. ಇದರಲ್ಲಿ ಅದೂ ಇರಲಿಲ್ಲ.

ದುಂಡು ಟೀ ಟೇಬಲ್ ಕೊಳ್ಳುವವರು ಟೇಪ್ ಒಯ್ದು ಹಲಗೆಯನ್ನು ಎಳೆಯ ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ಮರ ಎಳೆಗೆ ಅಡ್ಡಲಾಗಿ ಕುಗ್ಗುವುದರಿಂದ ಇನ್ನೂರೈವತ್ತು ವರ್ಷದ ಹಲಗೆ ಪೂರ್ತಿ ದುಂಡಗೆ ಉಳಿದಿರುವುದಿಲ್ಲ.

ಹಣ ವಾಪಸ್ ಕೇಳಲು ಹೋದಾಗ ರಸೀದಿ ತೋರಿಸಿದರು. 'ಚಿಪ್ಪೆಂಡೇಲ್ ಶೈಲಿಯ ಕುರ್ಚಿ' ಅಂತಷ್ಟೇ ಇತ್ತು. ಕಾಲ, ಊರು ಎರಡನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.