ವಿಜಯಪುರದ ಬೇಸಿಗೆಯಲ್ಲಿ ಹವಳದ ತೊಟ್ಟಿ: ಚಿಲ್ಲರ್ ಬದಲಿಗೆ ಫ್ಯಾನ್

ವಿಜಯಪುರದಲ್ಲಿ ಹವಳದ ಅಕ್ವೇರಿಯಂ ಇಡಲು ಹೊರಟವರಿಗೆ ತಿಳಿದವರೆಲ್ಲ ಮೊದಲು ಹೇಳುವುದು ಚಿಲ್ಲರ್ (ನೀರನ್ನು ತಂಪಾಗಿಸುವ ಯಂತ್ರ) ಕೊಳ್ಳಿರಿ ಎಂದೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, 24ರಿಂದ 27 ಡಿಗ್ರಿಯೊಳಗೆ ಇರಬೇಕಾದ ನೀರಿಗೆ ಅದು ಸಹಜವಾದ ಸಲಹೆಯೇ ಹೌದು. ಆದರೆ 60 ಲೀಟರಿನ ತೊಟ್ಟಿಗೆ ಚಿಲ್ಲರ್ ತಂದರೆ ಅದರ ಬೆಲೆ ಗಾಜು, ಕಲ್ಲು, ದೀಪಗಳ ಒಟ್ಟು ಖರ್ಚನ್ನೂ ಮೀರಬಹುದು. ನಾನು ಬಳಸುತ್ತಿರುವುದು ತೊಟ್ಟಿಯ ಅಂಚಿಗೆ ಸಿಕ್ಕಿಸುವ ನಾಲ್ಕು ಪುಟ್ಟ ಫ್ಯಾನುಗಳ 12 ವೋಲ್ಟ್ ಸೆಟ್ಟು ಮತ್ತು ಅದನ್ನು ತಾನಾಗಿ ಚಾಲೂ-ಬಂದ್ ಮಾಡುವ ಉಷ್ಣಾಂಶ ನಿಯಂತ್ರಕ.

ಫ್ಯಾನಿನ ಗಾಳಿ ನೀರನ್ನು ಆವಿಯಾಗಿಸಿ ತೊಟ್ಟಿಯನ್ನು ತಂಪಾಗಿಸುತ್ತದೆ: ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅದರ ಬಹುಪಾಲು ತೊಟ್ಟಿಯ ನೀರಿನಿಂದಲೇ ಹೋಗುತ್ತದೆ. ಗಾಳಿ ಒಣಗಿದಷ್ಟೂ ಈ ಕೆಲಸ ಚುರುಕು. ಹೀಗಾಗಿ ಕಡಲ ಪಕ್ಕದ ಮಂಗಳೂರಿನ ಸೆಕೆಗಿಂತ ನಮ್ಮ ಒಣ ಬಿಸಿಲಿನಲ್ಲೇ ಈ ಫ್ಯಾನು ಚೆನ್ನಾಗಿ ದುಡಿಯುತ್ತದೆ. ಕೋಣೆಗಿಂತ ನೀರು ಮೂರ್ನಾಲ್ಕು ಡಿಗ್ರಿ ತಂಪಾಗಿರುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು. ಕೋಣೆಯೇ 34 ಡಿಗ್ರಿ ಮುಟ್ಟಿದರೆ ನೀರು 30ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ತೊಟ್ಟಿಯನ್ನು ತಾರಸಿಯ ಕೆಳಗಿನ ಕೋಣೆಯಲ್ಲಿಡದೆ ನೆಲಮಹಡಿಯ ದಪ್ಪ ಗೋಡೆಯ ಕೋಣೆಯಲ್ಲಿಟ್ಟು, ದೀಪವನ್ನು ಸಂಜೆಯಿಂದ ರಾತ್ರಿಯವರೆಗೆ ಉರಿಸುವುದು ಒಳ್ಳೆಯದು. ಹವಳಕ್ಕೆ ಬೇಕಾದದ್ದು ಇಷ್ಟು ತಾಸುಗಳ ಬೆಳಕು, ಅದು ಹಗಲಿನದೇ ಆಗಬೇಕೆಂದಿಲ್ಲ.

ಈ ತಂಪಿನ ಬೆಲೆಯನ್ನು ನೀರಿನಲ್ಲಿ ತೆರಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ: 60 ಲೀಟರಿನಲ್ಲಿ ಎರಡು ಲೀಟರ್ ಇಂಗಿದರೆ ಲೀಟರಿಗೆ 35 ಗ್ರಾಂ ಇದ್ದ ಲವಣಾಂಶ 36 ದಾಟುತ್ತದೆ. ಇಂಗಿದ್ದನ್ನು ಉಪ್ಪಿಲ್ಲದ ಶುದ್ಧ ನೀರಿನಿಂದ ದಿನವೂ ತುಂಬಬೇಕು. ಬೋರ್‌ವೆಲ್ಲಿನ ಗಡಸು ನೀರಂತೂ ಬೇಡವೇ ಬೇಡ. ಅಡುಗೆಮನೆಯ ಆರ್‌ಒ ಯಂತ್ರವೂ ಸಾಲದು, ಏಕೆಂದರೆ ರುಚಿಗೆಂದು ಒಂದಿಷ್ಟು ಲವಣವನ್ನು ಉಳಿಸುವ ವ್ಯವಸ್ಥೆ ಅಂಥ ಬಹಳಷ್ಟು ಯಂತ್ರಗಳಲ್ಲಿ ಇರುತ್ತದೆ. ಉಳಿದ ಲವಣವನ್ನು ಹೀರುವ ಡಿಐ ರಾಳದ ಫಿಲ್ಟರ್ ಸೇರಿಸಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಸೊನ್ನೆಗೆ ಇಳಿಸಬೇಕು. ಚಿಲ್ಲರಿನಲ್ಲಿ ಉಳಿದ ಹಣವನ್ನು ಇದಕ್ಕೂ ಲವಣಾಂಶ ಅಳೆಯುವ ಒಂದು ರಿಫ್ರ್ಯಾಕ್ಟೋಮೀಟರಿಗೂ ಹಾಕುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಫ್ಯಾನಿನ ಕುಂದುಗಳೂ ಇವೆ. ಮುಚ್ಚಳ ತೆಗೆದಿಡಬೇಕಾದ್ದರಿಂದ ಮೀನು ಹಾರದಂತೆ ಬಲೆ ಕಟ್ಟಬೇಕು. ಉಪ್ಪಿನ ಹನಿ ತಾಗಿ ಬೇರಿಂಗ್ ಬೇಗ ಸದ್ದು ಮಾಡತೊಡಗುತ್ತದೆ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಮಲಗುವ ಕೋಣೆಯಲ್ಲಿ ಅದನ್ನು ಸಹಿಸಲಾಗದು. ಜುವಾಂಥಿಡ್, ಮಶ್ರೂಮ್, ಲೆದರ್ ಮೊದಲಾದ ಗಟ್ಟಿಮುಟ್ಟಾದ ಮೃದು ಹವಳಗಳಿಗೆ ಈ ಏರ್ಪಾಡು ಸಾಕು. ನಮ್ಮ ಕಡಲಿನ ಗಟ್ಟಿ ಹವಳಗಳು ಹೇಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಅಗ್ಗಕ್ಕೆ ಸಿಕ್ಕರೂ ಕೊಳ್ಳುವಂತಿಲ್ಲ.

ಕರೆಂಟ್ ಹೋದ ಮಧ್ಯಾಹ್ನಗಳಲ್ಲಿ ಮಾತ್ರ ಫ್ಯಾನಿಗೆ ಚಿಲ್ಲರ್ ಸಾಟಿಯಾಗದು: ಚಿಲ್ಲರಿನ ಕಂಪ್ರೆಸರನ್ನು ಮನೆಯ ಸಣ್ಣ ಇನ್ವರ್ಟರ್ ಹೆಚ್ಚು ಹೊತ್ತು ಹೊರಲಾರದು, ಈ ಫ್ಯಾನೂ ತೊಟ್ಟಿಯಲ್ಲಿ ಅಲೆ ಎಬ್ಬಿಸುವ ಪಂಪೂ ಅದರ ಮೇಲೆ ತಾಸುಗಟ್ಟಲೆ ನಡೆಯುತ್ತವೆ.