ಕಣ್ಣಾಸ್ಪತ್ರೆ ಕೆಲಸ: ನರ್ಸಿಂಗಾ, ಆಪ್ಟೊಮೆಟ್ರಿನಾ?

ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಆಪ್ಟೊಮೆಟ್ರಿಯ ಪದವಿ ಬಿ.ಆಪ್ಟಂ ಕೂಡ ಸುಮಾರು ಅಷ್ಟೇ. ಕೆಲಸ ಮಾತ್ರ ಬೇರೆ.

ಆಪ್ಟೊಮೆಟ್ರಿಸ್ಟ್ ದೃಷ್ಟಿ ಅಳೆದು ಕನ್ನಡಕದ ನಂಬರ್ ಕೊಡುತ್ತಾರೆ. ಮುಂದೆ ಸ್ವಂತ ಅಂಗಡಿಯನ್ನೂ ಇಡಬಹುದು.

ನರ್ಸ್‌ಗೆ ಆಪರೇಷನ್ ಸುತ್ತಲಿನ ಕೆಲಸವೇ ಜಾಸ್ತಿ. ಪೊರೆ ತೆಗೆಯುವ ಮುಂಚೆ ಯಾವ ಕಣ್ಣು ಅಂತ ಮತ್ತೆ ಮತ್ತೆ ಕೇಳಿ ಖಚಿತ ಮಾಡಿಕೊಳ್ಳಬೇಕು, ಪಾಪೆ ಅಗಲಿಸುವ ಹನಿ ಹಾಕಬೇಕು, ಥಿಯೇಟರ್‌ನಲ್ಲಿ ಕೂದಲೆಳೆಯಷ್ಟು ಸೂಕ್ಷ್ಮ ಉಪಕರಣಗಳನ್ನು ಸಂಭಾಳಿಸಬೇಕು. ಆಮೇಲೆ ಅಜ್ಜಿಗೆ ಹನಿ ಹಾಕೋದು ಕಲಿಸಬೇಕು: ಕೆಳರೆಪ್ಪೆ ಎಳೆದು ಒಂದೇ ಹನಿ, ಬಾಟಲಿ ತುದಿ ಕಣ್ಣಿಗೆ ತಾಗಬಾರದು, ಇನ್ನೊಂದು ಔಷಧಿಗೆ 5 ನಿಮಿಷ ಬಿಡಬೇಕು. ಸುಮ್ನೆ ಹೇಳಿದರೆ ಸಾಲದು, ಅವರ ಕೈಯಲ್ಲೇ ಮಾಡಿಸಬೇಕು. ತಾಳ್ಮೆ ಬೇಕಲ್ವಾ!

ನೈಟ್ ಶಿಫ್ಟ್ ಬೇಡವೆಂದರೆ ಆಪ್ಟೊಮೆಟ್ರಿ. ಮುಂದೆ ಬೇರೆ ವಾರ್ಡಿಗೂ ಹೋಗುವ ದಾರಿ ಬೇಕೆಂದರೆ ನರ್ಸಿಂಗೇ ವಾಸಿ.